ಜಲ್ಲಿಗುಂಡಿಯಿಂದ ಆವಿಯಾದ ನೀರನ್ನು ತುಂಬಿಕೊಡುವವರು ಯಾರು?

ಮಾನ್ಯ ಸಂಪಾದಕರೇ,

ನದಿಬಯಲಿನ ಜಲ್ಲಿ ಗಣಿಗಾರಿಕೆಯ ಮಾತು ಬಂದಾಗಲೆಲ್ಲ ದೂಳು, ಲಾರಿಗಳ ಓಡಾಟ, ಕುಸಿದ ದಂಡೆಗಳ ಬಗ್ಗೆ ಚರ್ಚೆಯಾಗುತ್ತದೆ. ಗುಂಡಿಯಲ್ಲಿ ನಿಂತ ನೀರನ್ನು ಮಾತ್ರ ಲಾಭದ ಬಾಬ್ತಿಗೆ ಸೇರಿಸಿ, ‘ಗಣಿ ಮುಗಿದ ಮೇಲೆ ಒಂದು ಕೆರೆಯಾದರೂ ಉಳಿಯಿತಲ್ಲ’ ಎಂದು ಸಮಾಧಾನಪಡುವವರೇ ಹೆಚ್ಚು. ಈ ಸಮಾಧಾನಕ್ಕೆ ಆಧಾರವಿಲ್ಲವೆಂದು ಹೇಳುವುದು ಅಗತ್ಯವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನದಿ ಸಾವಿರಾರು ವರ್ಷಗಳಿಂದ ತಂದು ಹಾಸಿದ ಮರಳು ಮತ್ತು ಜಲ್ಲಿಯ ಪದರದಲ್ಲಿ ಅಂತರ್ಜಲ ಸಾಮಾನ್ಯವಾಗಿ ಹೆಚ್ಚು ಆಳದಲ್ಲಿರುವುದಿಲ್ಲ, ಮತ್ತು ಆ ನೀರು ನದಿಯ ಹರಿವಿನೊಂದಿಗೆ ನೇರ ಸಂಬಂಧ ಹೊಂದಿರುತ್ತದೆ. ನೆಲದ ಮರೆಯಲ್ಲಿ ಬಿಸಿಲುಗಾಳಿಗೆ ಸಿಗದೆ ನಿಧಾನವಾಗಿ ನದಿಯತ್ತ ಸಾಗುತ್ತಿದ್ದ ಈ ನೀರು, ಜಲ್ಲಿ ತೆಗೆದೊಡನೆ ಬಯಲಿಗೆ ಬಿದ್ದು ಆವಿಯಾಗತೊಡಗುತ್ತದೆ. ಆವಿಯಾದಷ್ಟನ್ನು ತುಂಬಲು ಸುತ್ತಲಿನ ನೆಲದಿಂದ ಮತ್ತೆ ನೀರು ಜಿನುಗಿ ಬರುವುದರಿಂದ ಗುಂಡಿ ಸದಾ ತುಂಬಿರುವಂತೆ ಕಾಣುತ್ತದೆಯೇ ಹೊರತು, ಅಲ್ಲಿ ಹೊಸ ನೀರು ಹುಟ್ಟಿರುವುದಿಲ್ಲ. ಆದ್ದರಿಂದ ಇದು ಪಂಪು ಹಾಕದೆಯೇ ಹಗಲೂ ರಾತ್ರಿ ನೀರೆತ್ತುತ್ತಿರುವ ಒಂದು ದೊಡ್ಡ ಬಾವಿ.

ನಷ್ಟದ ಪ್ರಮಾಣವನ್ನು ಅಳೆಯುವುದು ಕಷ್ಟವಲ್ಲ. ಒಂದು ಹೆಕ್ಟೇರ್ ವಿಸ್ತಾರದ ನೀರಿನ ಮೇಲ್ಮೈಯಿಂದ, ಬಿದ್ದ ಮಳೆಯನ್ನು ಕಳೆದು, ವರ್ಷಕ್ಕೆ ಒಂದು ಮೀಟರ್‌ನಷ್ಟು ಆವಿಯಾಯಿತೆಂದರೆ 10,000 ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್ ನೀರು ಹೋದಂತೆ. ಒಣ ಹವೆಯ ಪ್ರದೇಶಗಳಲ್ಲಿ ಇದು ಅತಿಶಯದ ಲೆಕ್ಕವೂ ಅಲ್ಲ. ಇದಲ್ಲದೆ ತೊಳೆದ ಜಲ್ಲಿ ತನ್ನೊಡನೆ ತೇವವನ್ನು ಹೊತ್ತೊಯ್ಯುತ್ತದೆ. ತೂಕದ ಶೇ 4ರಷ್ಟು ತೇವವೆಂದು ಹಿಡಿದರೆ ಒಂದು ಲಕ್ಷ ಟನ್ ಜಲ್ಲಿಯ ಜೊತೆ ನಾಲ್ಕು ಸಾವಿರ ಟನ್ ನೀರು ಲಾರಿ ಹತ್ತುತ್ತದೆ. ದೂಳು ಅಡಗಿಸಲು ರಸ್ತೆಗೆ ಚಿಮುಕಿಸುವ ನೀರನ್ನೂ ಇದಕ್ಕೆ ಸೇರಿಸಬೇಕು. ಆದರೆ ತೇವವೂ ದೂಳಿನ ನೀರೂ ಗಣಿಯ ಕೆಲಸ ನಿಂತಾಗ ನಿಲ್ಲುತ್ತವೆ; ಆವಿಯಾಗುವುದು ಮಾತ್ರ ಗುಂಡಿ ತೆರೆದಿರುವವರೆಗೂ ನಡೆದೇ ಇರುತ್ತದೆ.

ಈ ನಷ್ಟವನ್ನು ಕಾನೂನಿನ ಕಣ್ಣಿನಿಂದ ಗಂಭೀರವಾಗಿ ನೋಡಿದ ನಾಡುಗಳಲ್ಲಿ ಅಮೆರಿಕದ ಕೊಲರಾಡೊ ರಾಜ್ಯ ಮುಖ್ಯವಾದುದು. ಮೊದಲು ನೀರು ಬಳಸಿದವನಿಗೆ ಮೊದಲ ಹಕ್ಕು ಎಂಬ ತತ್ವ ಆ ರಾಜ್ಯದ 1876ರ ಸಂವಿಧಾನದಲ್ಲೇ ಇದೆ. ಹೀಗಾಗಿ ನದಿಯ ದಂಡೆಯಲ್ಲಿ ಹೊಸಬನೊಬ್ಬ ಗುಂಡಿ ತೋಡಿ ನೀರು ಆವಿಯಾಗಲು ಬಿಟ್ಟರೆ, ಕೆಳಗಿನ ಕಾಲುವೆಯ ಹಳೆಯ ಹಕ್ಕುದಾರ ರೈತನಿಗೆ ಅನ್ಯಾಯವಾಗುತ್ತದೆ. ‘ತ್ರೀ ಬೆಲ್ಸ್ ರ‍್ಯಾಂಚ್’ ಪ್ರಕರಣದಲ್ಲಿ ಕೊಲರಾಡೊದ ಸುಪ್ರೀಂ ಕೋರ್ಟ್ 1988ರಲ್ಲಿ, ಅಂತರ್ಜಲವನ್ನು ಬಯಲಿಗೆ ತರುವ ಜಲ್ಲಿಗುಂಡಿಯೂ ಕಾನೂನಿನ ದೃಷ್ಟಿಯಲ್ಲಿ ಬಾವಿಯೇ ಎಂದು ತೀರ್ಪಿತ್ತಿತು. ಬಾವಿಯೆಂದ ಮೇಲೆ ಪರವಾನಗಿ ಬೇಕು, ಕಳೆದ ನೀರನ್ನು ನದಿಗೆ ಮರಳಿಸುವ ಯೋಜನೆಯೂ ಬೇಕು. ಮರುವರ್ಷ ಶಾಸನಸಭೆ 1980ರ ಅಂತ್ಯಕ್ಕೆ ಮೊದಲೇ ನೀರು ಕಂಡಿದ್ದ ಗುಂಡಿಗಳಿಗೆ ವಿನಾಯಿತಿ ನೀಡಿತು. ಹಳೆಯ ಗುಂಡಿಗಳ ಒಡೆಯರನ್ನು ಹುಡುಕಿ ಹೊಣೆ ಹೊರಿಸುವ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ಗುಂಡಿಗಳಿಂದ ಇಂದಿಗೂ ಆವಿಯಾಗುತ್ತಿರುವ ನೀರಿನ ನಷ್ಟವನ್ನು ನದಿಯೇ ಭರಿಸುತ್ತಿದೆ. ನಿಯಮವನ್ನು ತಡವಾಗಿ ತಂದರೆ ಹೀಗಾಗುತ್ತದೆ.

ಮರಳಿಸುವುದೆಂದರೆ ವರ್ಷಕ್ಕೊಮ್ಮೆ ಇಷ್ಟು ಲೀಟರ್ ಎಂದು ನದಿಗೆ ಸುರಿದು ಕೈತೊಳೆದುಕೊಳ್ಳುವುದಲ್ಲ. ಎಷ್ಟು ಎಂಬುದರ ಜೊತೆಗೆ ಯಾವಾಗ ಮತ್ತು ಎಲ್ಲಿ ಎಂಬುದೂ ಅಷ್ಟೇ ಮುಖ್ಯ. ನದಿಯಿಂದ ದೂರದಲ್ಲಿರುವ ಗುಂಡಿಯಲ್ಲಿ ಬೇಸಿಗೆಯಲ್ಲಿ ಆವಿಯಾದ ನೀರಿನ ಕೊರತೆ ನದಿಯನ್ನು ತಲುಪಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯಬಹುದು. ಗುಂಡಿಯನ್ನು ಮುಚ್ಚಿದ ಬಳಿಕವೂ ಹಿಂದಿನ ಕೊರತೆ ನದಿಯಲ್ಲಿ ಕಾಣಿಸಿಕೊಳ್ಳುತ್ತಲೇ ಇರುತ್ತದೆ. ಮರಳಿಸುವ ನೀರು ಆ ಹೊತ್ತಿಗೆ, ನಷ್ಟಕ್ಕೊಳಗಾದ ಕಾಲುವೆಯ ತೂಬಿಗಿಂತ ಮೇಲ್ಗಡೆಯಲ್ಲಿ ನದಿಯನ್ನು ಸೇರಬೇಕು. ಕೆಳಗೆಲ್ಲೋ ಬಿಟ್ಟರೆ ಮೇಲಿನ ರೈತನಿಗೆ ಅದರಿಂದ ಪ್ರಯೋಜನವಿಲ್ಲ.

ಆ ನೀರನ್ನು ಎಲ್ಲಿಂದ ತರುತ್ತಾರೆ ಎಂಬ ಬಗ್ಗೆಯೂ ಎಚ್ಚರ ಬೇಕು. ಜಲಾಶಯದ ನೀರನ್ನು ಗುತ್ತಿಗೆ ಪಡೆಯಬಹುದು, ಮರುಬಳಕೆಯ ಹಕ್ಕಿರುವ ಶುದ್ಧೀಕರಿಸಿದ ಪಟ್ಟಣದ ನೀರನ್ನು ಕೊಳ್ಳಬಹುದು, ಇಲ್ಲವೇ ಹಳೆಯ ನೀರಾವರಿ ಹಕ್ಕನ್ನು ಕೊಂಡು ಆ ಹೊಲಕ್ಕೆ ನೀರು ನಿಲ್ಲಿಸಬಹುದು. ಕೊನೆಯ ದಾರಿಯಲ್ಲಿ ಬೆಳೆ ನಿಜವಾಗಿ ಹೀರುತ್ತಿದ್ದಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಒಂದು ಪಾಲು ಇಂಗಿ, ಬಸಿದು ಮೊದಲಿನಿಂದಲೂ ನದಿಗೇ ಹಿಂದಿರುಗುತ್ತಿತ್ತು. ಅದನ್ನೇ ಮತ್ತೊಮ್ಮೆ ಪರಿಹಾರವೆಂದು ತೋರಿಸಿದರೆ ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ, ನದಿಯಲ್ಲಿ ನೀರು ಇರುವುದಿಲ್ಲ. ಗಣಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಗುಂಡಿ ತೋಡುವ ಮೊದಲು ಅಲ್ಲಿದ್ದ ಗಿಡಗಂಟೆಗಳು ಸಹಜವಾಗಿ ಹೀರುತ್ತಿದ್ದ ನೀರನ್ನು ಅವರ ಲೆಕ್ಕದಿಂದ ಕಳೆಯುವುದು ನ್ಯಾಯ, ಮತ್ತು ಕೊಲರಾಡೊದ ಕಾನೂನು ಅದನ್ನು ಒಪ್ಪಿದೆ.

ನನ್ನ ಮುಖ್ಯ ಆತಂಕವಿರುವುದು ಗಣಿ ಮುಗಿದ ನಂತರದ ದಿನಗಳ ಬಗ್ಗೆ. ಜಲ್ಲಿ ತೀರಿದ ಮೇಲೆ ಗುತ್ತಿಗೆದಾರ ಯಂತ್ರಗಳನ್ನು ಕಟ್ಟಿಕೊಂಡು ಹೊರಡುತ್ತಾನೆ, ಸಂಸ್ಥೆ ಮುಚ್ಚಿಹೋಗಲೂಬಹುದು. ನೀರು ಮರಳಿಸುವ ಹೊಣೆಯನ್ನು ಆಗ ಯಾರ ಹೆಸರಿಗೆ ಬರೆಯುವುದು? ಗುಂಡಿಯನ್ನು ಅಂತರ್ಜಲ ಮಟ್ಟಕ್ಕಿಂತ ಮೇಲಿನವರೆಗೆ ತುಂಬಿಸುವುದು ಒಂದು ಶಾಶ್ವತ ಪರಿಹಾರ. ಇನ್ನೊಂದು, ಸುತ್ತಲೂ ತಳದ ಬಂಡೆಯವರೆಗೆ ಬೆಂಟೋನೈಟ್ ಜೇಡಿ ಬೆರೆಸಿದ ಗೋಡೆಯನ್ನು ಇಳಿಸಿ ಅಂತರ್ಜಲದ ಸಂಪರ್ಕ ಕಡಿಯುವುದು. ಹೀಗೆ ಬೇರ್ಪಡಿಸಿದ ಗುಂಡಿಗಳನ್ನು ಕೊಲರಾಡೊದಲ್ಲಿ ನೀರು ಸಂಗ್ರಹಿಸುವ ಜಲಾಶಯಗಳಾಗಿ ಬಳಸುತ್ತಾರೆ. ಆದರೆ ಗೋಡೆಯನ್ನೂ ಕಣ್ಣುಮುಚ್ಚಿ ಒಪ್ಪಬಾರದು: ನೆಲದೊಳಗಿನ ಹರಿವಿಗೆ ಅದು ಅಡ್ಡವಾಗಿ, ಮೇಲ್ಬದಿಯ ಜಮೀನಿನಲ್ಲಿ ಜೌಗು, ಕೆಳಬದಿಯ ಬಾವಿಗಳಲ್ಲಿ ನೀರಿನ ಇಳಿಕೆ ಉಂಟಾಗಬಹುದು.

ಆದ್ದರಿಂದ ಎಲ್ಲಿಯೇ ಆಗಲಿ, ಅಂತರ್ಜಲ ಮಟ್ಟದ ಕೆಳಗೆ ಜಲ್ಲಿ ತೆಗೆಯಲು ಪರವಾನಗಿ ಕೊಡುವ ಮೊದಲೇ ಪ್ರತಿ ತಿಂಗಳ ನೀರಿನ ನಷ್ಟದ ಅಂದಾಜು, ಮರಳಿಸುವ ನೀರಿನ ಮೂಲದ ದಾಖಲೆ ಮತ್ತು ಗುಂಡಿಯನ್ನು ತುಂಬಿಸಲು ಇಲ್ಲವೇ ಬೇರ್ಪಡಿಸಲು ಸಾಕಾಗುವಷ್ಟು ಠೇವಣಿಯನ್ನು ಅಧಿಕಾರಿಗಳು ಪಡೆದುಕೊಳ್ಳಬೇಕು. ಅಂದಾಜು ಮತ್ತು ನಿಜವಾಗಿ ಮರಳಿಸಿದ ನೀರಿನ ಅಳತೆ, ಇವೆರಡನ್ನೂ ಕೆಳಗಿನ ರೈತರು ಕೇಳಿದಾಗ ನೋಡುವಂತಿರಬೇಕು. ಈ ಷರತ್ತುಗಳಿಲ್ಲದೆ ಬರುವ ಅರ್ಜಿಗಳನ್ನು ಪರಿಗಣನೆಗೇ ತೆಗೆದುಕೊಳ್ಳಬಾರದೆಂದು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರನ್ನು ಒತ್ತಾಯಿಸುತ್ತೇನೆ.

ಇಂತಿ,
ತಮ್ಮ ಓದುಗ