ಗೆಳೆಯನಿಗೊಂದು ಪತ್ರ: ಮಗ್ಗಿ ನಿಂತ ಜಾಗ

ಪ್ರೀತಿಯ ಗೆಳೆಯಾ,

ಮಗನಿಗೆ ಪಾಠದ ಕಡೆ ಗಮನವೇ ಇಲ್ಲ, ಕರೆದರೂ ಕೇಳಿಸಿಕೊಳ್ಳುವುದಿಲ್ಲ ಅಂತ ಟೀಚರ್ ಡೈರಿಯಲ್ಲಿ ಬರೆದಿದ್ದಾರೆ ಅಂದೆಯಲ್ಲ. ಅವನನ್ನು ಬೈಯುವ ಮೊದಲು ಇದನ್ನು ಓದು.

ಮಗಳಿಗೆ ಆಗ ಆರು ವರ್ಷ. ಮಗ್ಗಿ ಒಪ್ಪಿಸುತ್ತಿದ್ದಳು. 'ಎರಡೈದ್ಲ ಹತ್ತು, ಎರಡಾರ್ಲ...' ಅಲ್ಲಿಗೆ ನಿಂತಳು. ನೋಟ ಗೋಡೆಯ ಮೇಲೆ, ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಹತ್ತು ಸೆಕೆಂಡೂ ಇರಲಿಲ್ಲ. ಆಮೇಲೆ 'ಹನ್ನೆರಡು' ಅಂತ ಮುಂದುವರಿಸಿದಳು. ನಾನು ಗದರಿದೆ. 'ಯಾಕಪ್ಪಾ?' ಅಂದಳು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ ಕಣೋ. ಆ 'ಯಾಕಪ್ಪಾ' ಈಗಲೂ ಚುಚ್ಚುತ್ತದೆ.

ಅದು ಫಿಟ್ಸ್. ನಮಗೆ ಫಿಟ್ಸ್ ಅಂದರೆ ನೆಲಕ್ಕೆ ಬೀಳಬೇಕು, ನೊರೆ ಬರಬೇಕು, ಯಾರೋ ಓಡಿ ಬಂದು ಕೈಗೆ ಬೀಗದ ಕೈ ತುರುಕಬೇಕು (ಅದರಿಂದ ಏನೂ ಪ್ರಯೋಜನವಿಲ್ಲ, ಬಿಡು). ಇದರಲ್ಲಿ ಅದ್ಯಾವುದೂ ಇಲ್ಲ, ಕೆಲವು ಸೆಕೆಂಡು ಪ್ರಜ್ಞೆ ತಪ್ಪುತ್ತದೆ ಅಷ್ಟೇ. ಆಬ್ಸೆನ್ಸ್ ಸೀಜರ್ ಅನ್ನುತ್ತಾರೆ. ಹೆಚ್ಚಾಗಿ 4ರಿಂದ 10 ವರ್ಷದೊಳಗೆ ಶುರುವಾಗುತ್ತದೆ. ದಿನಕ್ಕೆ ಹತ್ತಾರು ಸಲ ಬರಬಹುದು. ಅವಳ ಡಿಕ್ಟೇಶನ್ ಪುಸ್ತಕದಲ್ಲಿ ನಡುನಡುವೆ ಪದಗಳೇ ಇರುತ್ತಿರಲಿಲ್ಲ!

ಸುಮ್ನೆ ಏನೋ ಯೋಚಿಸುತ್ತ ಕೂತ ಮಗು ಭುಜ ಮುಟ್ಟಿದರೆ ತಿರುಗುತ್ತದೆ. ಇದರಲ್ಲಿ ತಿರುಗುವುದಿಲ್ಲ. ಪಾಠ ಬೇಜಾರಾದಾಗ ಮಾತ್ರವಲ್ಲ, ಆಟದ ಮಧ್ಯೆ, ತುತ್ತು ಬಾಯಲ್ಲಿದ್ದಾಗಲೂ ಬರುತ್ತದೆ. ಹಾಗೆ ಕಂಡರೆ ಮೊಬೈಲಲ್ಲಿ ವಿಡಿಯೊ ಮಾಡಿಕೊಂಡು ಮಕ್ಕಳ ನರರೋಗ ತಜ್ಞರಿಗೆ ತೋರಿಸು.

ನಮ್ಮ ಡಾಕ್ಟರ್ ಅವಳ ಕೈಗೆ ಗಿರಗಿಟ್ಲೆ ಕೊಟ್ಟು ಊದುತ್ತಿರು ಅಂದರು. ಜೋರಾಗಿ ಉಸಿರಾಡುತ್ತಿದ್ದರೆ ಇದು ಎದ್ದು ಬರುತ್ತದಂತೆ. ಎರಡು ನಿಮಿಷಕ್ಕೆ ಗಿರಗಿಟ್ಲೆ ನಿಂತುಹೋಯಿತು. ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಿದಾಗ ಸೆಕೆಂಡಿಗೆ 3ರಂತೆ ಚೂಪು ಅಲೆಗಳು. ನೀನು ಮನೆಯಲ್ಲಿ ಊದಿಸೋಕೆ ಹೋಗಬೇಡ.

ಔಷಧಿ ಇದೆ. ಎಥೋಸಕ್ಸಿಮೈಡ್, ವಾಲ್ಪ್ರೋಯೇಟ್ ಅಂತ. ಬೇರೆ ಬಗೆಯ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಇದನ್ನು ಜಾಸ್ತಿ ಮಾಡಬಹುದು. ಅದಕ್ಕೇ ಪಕ್ಕದ ಮನೆಯವರ ಮಾತ್ರೆ ಬೇಡ. ಶುರು ಮಾಡಿದ್ದನ್ನು ನೀನಾಗಿ ನಿಲ್ಲಿಸಲೂ ಬೇಡ. ತುಂಬಾ ಮಕ್ಕಳಿಗೆ ಹದಿಹರೆಯದ ಹೊತ್ತಿಗೆ ಹೋಗಿಬಿಡುತ್ತದೆ. ಅಲ್ಲಿಯವರೆಗೆ ಬಚ್ಚಲಿಗೆ ಒಳಗಿನಿಂದ ಚಿಲಕ ಬೇಡ. ಈಜು, ಬಾವಿಕಟ್ಟೆ ಅಂದರೆ ಜೊತೆಗೊಬ್ಬರು ಇರಲೇಬೇಕು.

ನಿನ್ನ ಮಗನಿಗೂ ಇದೇ ಇದೆ ಅಂತ ಹೇಳುತ್ತಿಲ್ಲ. ನಾಳೆ ಡೈರಿಗೆ ಸಹಿ ಹಾಕುವಾಗ ಕೆಳಗೆ ಒಂದು ಸಾಲು ಬರಿ: 'ಹೀಗೆ ದಿನಕ್ಕೆ ಎಷ್ಟು ಸಲ ಆಗುತ್ತದೆ, ಭುಜ ಮುಟ್ಟಿದರೆ ತಿರುಗುತ್ತಾನಾ, ದಯವಿಟ್ಟು ನೋಡಿ ಹೇಳಿ.'

ನಿನ್ನವನೇ