ಪಹಣಿ ಪೆಟ್ಟಿಗೆಯಲ್ಲೇ ಇರಲಿ, ಅಪ್ಪ

ಸ್ಟುಟ್‌ಗಾರ್ಟ್, ಜರ್ಮನಿ
18 ಮೇ 2025, ರವಿವಾರ

ಅಪ್ಪ, ಅವ್ವ ಇಬ್ಬರಿಗೂ ನಿಮ್ಮ ಮಗಳ ಶರಣಾರ್ಥಿ.

ನಾನು ಆರಾಮ ಇದ್ದೇನೆ. ಅಪ್ಪ, ಈ ವಿಷಯ ಫೋನಿನಲ್ಲಿ ಮೂರು ಸಲ ಎತ್ತಿದೆ. ಮೂರು ಸಲವೂ ನೀವು "ಅದು ನಾ ನೋಡ್ಕೋತೀನಿ ಬಿಡು" ಅಂದು ಫೋನನ್ನು ಅವ್ವನ ಕೈಗೆ ಕೊಟ್ಟಿರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ಬೈಯುವುದಿದ್ದರೆ ಓದಿ ಮುಗಿಸಿದ ಮೇಲೆ ಬೈಯಿರಿ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ತಮ್ಮನ ವೀಸಾಕ್ಕೆ ದುಡ್ಡು ತೋರಿಸಬೇಕು ಅಂತ ಹಳ್ಳದ ಕಡೆಯ ನಾಲ್ಕು ಎಕರೆ ಅಡ ಇಡಬೇಡಿ. ಸಾಹುಕಾರರ ಮನೆಗೆ ಹೋಗಬೇಡಿ. ಅವನ ಖರ್ಚಿಗೆ ನಾನೇ ಜವಾಬ್ದಾರಿ ಅಂತ ಇಲ್ಲಿಯ ಸರಕಾರಿ ಕಚೇರಿಯಲ್ಲಿ ಬರೆದುಕೊಡುತ್ತೇನೆ. ಕಾನೂನಿನಲ್ಲೇ ಅದಕ್ಕೆ ದಾರಿ ಇದೆ. ಜೂನ್ 4ಕ್ಕೆ ನನಗೆ ಸಮಯವನ್ನೂ ಕೊಟ್ಟಿದ್ದಾರೆ.

ಈಗ ಒಂದೊಂದೇ ಹೇಳುತ್ತೇನೆ. ಈ ದುಡ್ಡು ಯಾರ ಕೈಗೆ ಹೋಗುತ್ತದೆ, ಯಾಕೆ ಇಷ್ಟೊಂದು ಅಂತ ನೀವು ಕೇಳಿದ್ದಿರಿ. ಸರಿಯಾದ ಪ್ರಶ್ನೆ. ಓದಲು ಬರುವ ಹುಡುಗ ಒಂದು ವರ್ಷ ಯಾರ ಮುಂದೆಯೂ ಕೈ ಚಾಚದೆ ಇರಬಲ್ಲ ಅಂತ ಇವರಿಗೆ ಖಾತ್ರಿ ಬೇಕು. ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904 ಯೂರೊ. ಇದು ಸುಮ್ನೆ ಹೇಳಿದ ಲೆಕ್ಕ ಅಲ್ಲ. ಇಲ್ಲಿಯ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಓದಲು ಸರಕಾರ ನೆರವು ಕೊಡುತ್ತದೆ. ಅದರ ಗರಿಷ್ಠ ಮೊತ್ತ 992. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲ ಅದರೊಳಗೇ ಬರುತ್ತದೆ. ನಮ್ಮ ಹುಡುಗರಿಗೂ ಅದೇ ಅಳತೆ. ನಾನು ಬರುವಾಗ 2018ರಲ್ಲಿ ಅದು ತಿಂಗಳಿಗೆ 720 ಇತ್ತು, ವರ್ಷಕ್ಕೆ 8,640.

ಸಾಮಾನ್ಯವಾಗಿ ಇದನ್ನು ಶ್ಪೆರ್‌ಕೊಂಟೊ ಅನ್ನುವ ಖಾತೆಯಲ್ಲಿ ಇಡುತ್ತಾರೆ. ಬೀಗ ಹಾಕಿದ ಖಾತೆ ಅಂತ ಅರ್ಥ. ಇಡೀ ವರ್ಷದ ದುಡ್ಡನ್ನು ಮೊದಲೇ ತುಂಬಬೇಕು. ಖಾತೆ ಹುಡುಗನ ಹೆಸರಲ್ಲೇ ಇರುತ್ತದೆ, ಯಾರೂ ತಿನ್ನುವುದಿಲ್ಲ. ಆದರೆ ಅವನು ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಮಾತ್ರ ಕೈಗೆ ಸಿಗುತ್ತದೆ. ಅದಕ್ಕಿಂತ ಜಾಸ್ತಿ ತೆಗೆಯಲು ಬರುವುದಿಲ್ಲ.

ಅದಕ್ಕೇ ಕಾಕಾ ಹೇಳಿದ ಉಪಾಯ ಇಲ್ಲಿ ನಡೆಯುವುದಿಲ್ಲ. ನಾಲ್ಕು ಮಂದಿ ಕಡೆ ಕೈಗಡ ತಂದು ಖಾತೆಗೆ ಹಾಕಿ, ಸ್ಟೇಟ್‌ಮೆಂಟ್ ತೆಗೆಸಿ, ಹದಿನೈದು ದಿನಕ್ಕೆ ವಾಪಸ್ ಕೊಡೋಣ ಅಂದರಂತೆ. ಕಾಕಾ ನಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ, ಗೊತ್ತು. ಅವರ ಗೆಳೆಯರ ಮಗ ಇಂಗ್ಲೆಂಡಿಗೆ ಹೋದದ್ದನ್ನು ನೋಡಿ ಹೇಳಿರಬೇಕು. ಇಂಗ್ಲೆಂಡಿನಲ್ಲಿ ಖಾತೆಯ ಸ್ಟೇಟ್‌ಮೆಂಟ್ ತೋರಿಸುವುದು ನಿಜ. ಆದರೆ ಅಲ್ಲಿಯೂ ಅಷ್ಟೂ ದುಡ್ಡು 28 ದಿನ ಬಿಡದೆ ಖಾತೆಯಲ್ಲಿ ಇರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕಾರ ಆಗಬಹುದು. ಜರ್ಮನಿಯ ಬೀಗದ ಖಾತೆಗೆ ಹಾಕಿದ ಕೈಗಡವನ್ನು ಹದಿನೈದು ದಿನಕ್ಕೆ ಹೇಗೆ ತಿರುಗಿ ಕೊಡುತ್ತೀರಿ? ತಿಂಗಳು ತಿಂಗಳು ಚೂರು ಚೂರೇ ಬರುವ ದುಡ್ಡು ಅದು. ಅಷ್ಟರಲ್ಲಿ ಆ ನಾಲ್ಕು ಮಂದಿ ಮನೆ ಬಾಗಿಲಿಗೆ ಬರುತ್ತಾರೆ.

ಕಲಬುರಗಿಯಲ್ಲಿ ಯಾರೋ ಏಜೆಂಟ್ ಒಬ್ಬರು ಕಮಿಷನ್ ತಗೊಂಡು ದುಡ್ಡಿನ ಕಾಗದ ಮಾಡಿಸಿಕೊಡುತ್ತಾರಂತೆ, ತಮ್ಮ ಹೇಳಿದ. ಅವರ ಅಂಗಡಿಯ ಮೆಟ್ಟಿಲು ಕೂಡ ಹತ್ತಬೇಡ ಅಂತ ಅವನಿಗೆ ಹೇಳಿದ್ದೇನೆ. ವೀಸಾಕ್ಕೆ ಸುಳ್ಳು ಕಾಗದ ಕೊಡುವುದು ಇಲ್ಲಿ ಅಪರಾಧ. ಎರಡು ವರ್ಷ ಕಷ್ಟಪಟ್ಟು ಜರ್ಮನ್ ಕಲಿತಿದ್ದಾನೆ. 18,000 ರೂಪಾಯಿ ಕಟ್ಟಿ, ತನ್ನ ಅಂಕಪಟ್ಟಿಗಳು ಅಸಲಿ ಅಂತ ಜರ್ಮನಿಗೆ ತೋರಿಸುವ ಎಪಿಎಸ್ ಪ್ರಮಾಣಪತ್ರ ಮಾಡಿಸಿದ್ದಾನೆ. ಮಾಗ್ಡೆಬುರ್ಗ್‌ನಲ್ಲಿ ಸೀಟು ಸಿಕ್ಕಿದೆ. ಇಷ್ಟೆಲ್ಲ ಒಂದು ಸುಳ್ಳು ಹಾಳೆಯಿಂದ ಹೋಗಬಾರದು.

ಅಪ್ಪ, ಇನ್ನು ಹೊಲದ ಮಾತು.

ತಮ್ಮ ಶಿಕ್ಷಣ ಸಾಲಕ್ಕೆ ಎರಡು ಬ್ಯಾಂಕಿಗೆ ಹೋಗಿ ಬಂದ. ಏಳೂವರೆ ಲಕ್ಷದ ಮೇಲಾದರೆ ಆಸ್ತಿ ಅಡಮಾನ ಬೇಕು ಅಂದರು. ಪೇಟೆಯಲ್ಲಿ ಮನೆಯೋ ಪ್ಲಾಟೋ ಇದ್ದರೆ ತನ್ನಿ, ಹೊಲ ಬೇಡ ಅಂದರು. ಅದಕ್ಕೆ ಕಾರಣ ಇದೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಆಸ್ತಿ ವಶ ಮಾಡಿಕೊಳ್ಳಲು ಬ್ಯಾಂಕುಗಳಿಗೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಅಧಿಕಾರ ಇದೆ. ಆ ಅಧಿಕಾರ ಸಾಗುವಳಿ ಜಮೀನಿನ ಮೇಲೆ ನಡೆಯುವುದಿಲ್ಲ. ರೈತನ ಹೊಲ ಉಳಿಯಲಿ ಅಂತ ಕಾನೂನು ಅಷ್ಟು ಮಾಡಿದೆ. ಬ್ಯಾಂಕು ಬೇಡ ಅಂದ ಅದೇ ಹೊಲ ಸಾಹುಕಾರರಿಗೆ ಬೇಕು. ಯಾಕೆ ಬೇಕು ಅಂತ ಯೋಚಿಸಿ ಅಪ್ಪ. ಅವರು ಅಡ ಅಂತ ಬಾಯಲ್ಲಿ ಹೇಳುತ್ತಾರೆ, ಕಾಗದದಲ್ಲಿ ಖರೀದಿ ಅಂತ ಬರೆಸಿಕೊಳ್ಳುತ್ತಾರೆ. ನಮ್ಮ ಓಣಿಯಲ್ಲೇ ಹೀಗೆ ಹೊಲ ಕಳೆದುಕೊಂಡವರು ಯಾರು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನಾನು ರಾತ್ರಿ ಕೂತು ಲೆಕ್ಕ ಹಾಕಿದೆ. 11,904 ಯೂರೊ ಅಂದರೆ ಈಗ ಸುಮಾರು 11 ಲಕ್ಷ 40 ಸಾವಿರ ರೂಪಾಯಿ. ನೂರಕ್ಕೆ ಮೂರರಂತೆ ತಿಂಗಳ ಬಡ್ಡಿ ಹಿಡಿದರೆ 34 ಸಾವಿರದ ಮೇಲಾಯಿತು. ಆ ನಾಲ್ಕು ಎಕರೆಯಲ್ಲಿ ಒಳ್ಳೆ ಮಳೆಯಾದ ವರ್ಷ ಎಕರೆಗೆ ನಾಲ್ಕು ಕ್ವಿಂಟಲ್ ತೊಗರಿ ಅಂತ ಇಟ್ಟುಕೊಳ್ಳೋಣ. ಒಟ್ಟು 16 ಕ್ವಿಂಟಲ್. ಈ ಸಲದ ಬೆಂಬಲ ಬೆಲೆ 7,550. ಬೀಜ, ಗೊಬ್ಬರ, ಆಳು, ರಾಶಿ ಯಾವ ಖರ್ಚೂ ಕಳೆಯದೆ 1 ಲಕ್ಷ 20 ಸಾವಿರ. ಇಡೀ ವರ್ಷದ ಬೆಳೆ ನಾಲ್ಕು ತಿಂಗಳ ಬಡ್ಡಿಗೂ ಸಾಲುವುದಿಲ್ಲ. ಅಸಲು ಹಾಗೇ ಇರುತ್ತದೆ. ಇನ್ನು ನೆಟೆ ರೋಗ ಬಂದ ವರ್ಷದ ಕಥೆ ನಾನು ಹೇಳಬೇಕಾಗಿಲ್ಲ. ಹೋದ ಸಲ ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದಾಗ ನೀವು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಅವ್ವ ಹೇಳಿದ್ದಳು.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿಲ್ಲ ಅನಿಸುತ್ತದೆ. ದುಡ್ಡು ತೋರಿಸುವುದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ವೀಸಾದಲ್ಲಿ ಬಂದ ಮೇಲೆ ಇಲ್ಲಿ ವಾಸದ ಪರವಾನಗಿ ಕೊಡುತ್ತಾರೆ. ಅದರ ಅವಧಿ ಮುಗಿದಾಗ ಮತ್ತೆ ಮುಂದಿನ ಖರ್ಚಿಗೆ ದುಡ್ಡು ಎಲ್ಲಿದೆ ಅಂತ ಕೇಳುತ್ತಾರೆ. ಅವನದು ಎರಡು ವರ್ಷದ ಓದು. ಈ ವರ್ಷ ಹಳ್ಳದ ಹೊಲ ಹೋದರೆ ಮುಂದಿನ ವರ್ಷ ಯಾವ ಹೊಲ?

2018ರ ಆ ವಾರ ನನಗೆ ಇವತ್ತಿಗೂ ನೆನಪಿದೆ. ಅವ್ವನ ಪಾಟ್ಲಿ, ಬೋರಮಾಳ ಗಿರವಿ ಇಟ್ಟು, ಗಂಜಿನಲ್ಲಿ ದಲಾಲರ ಕಡೆ ಮುಂಗಡ ತಂದು, ಮಾಮನ ಕಡೆಯಿಂದ ಇಷ್ಟು ಅಂತ ಏಳು ಲಕ್ಷದ ಹತ್ತಿರ ಕೂಡಿಸಿದಿರಿ. ನೀವು, ನಾನು ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಬ್ಯಾಂಕಿನಲ್ಲಿ ಬೆಳಗಿಂದ ಸಂಜೆ ತನಕ ಕೂತೆವು. ಆ ಶಾಖೆಯವರು ಅದಕ್ಕೂ ಮುಂಚೆ ವಿದೇಶಕ್ಕೆ ಹೀಗೆ ದುಡ್ಡು ಕಳಿಸಿರಲೇ ಇಲ್ಲ. ಎ2 ಫಾರಂ ಎಲ್ಲಿದೆ ಅಂತ ಹುಡುಕುವುದರಲ್ಲೇ ಮಧ್ಯಾಹ್ನ ಆಯಿತು. ಸರಿಯಾಗಿ 8,640 ಯೂರೊ ಕಳಿಸಿದೆವು. ನಡುವಿನ ಬ್ಯಾಂಕು ತನ್ನ ಶುಲ್ಕ ಹಿಡಿದುಕೊಂಡು, ಇಲ್ಲಿ ತಲುಪಿದ್ದು 27 ಯೂರೊ ಕಡಿಮೆ. ಖಾತೆ ಪೂರ್ತಿ ತುಂಬಿಲ್ಲ ಅಂತ ದೃಢೀಕರಣ ಪತ್ರ ಬರಲಿಲ್ಲ. ಬೆಂಗಳೂರಿನಲ್ಲಿ ವೀಸಾ ಸಂದರ್ಶನಕ್ಕೆ ನಾಲ್ಕು ದಿನ ಉಳಿದಿತ್ತು.

ಕಳಿಸುವಾಗ ಎಲ್ಲ ಕಡೆಯ ಶುಲ್ಕವನ್ನೂ ನಾವೇ ಕೊಡುತ್ತೇವೆ ಅಂತ ಫಾರಂನಲ್ಲಿ ಗುರುತು ಹಾಕಬೇಕಿತ್ತು. ಇಲ್ಲವೇ ಐವತ್ತು ಯೂರೊ ಜಾಸ್ತಿ ಕಳಿಸಬೇಕಿತ್ತು. ಇದನ್ನು ಯಾರೂ ಹೇಳಲಿಲ್ಲ. ಎರಡು ಸಾವಿರ ಚಿಲ್ಲರೆ ರೂಪಾಯಿಯ ಕೊರತೆಗೆ ನೀವು ಮತ್ತೆ ಪೇಟೆಗೆ ಓಡಿದಿರಿ. ಸಂದರ್ಶನದ ಹಿಂದಿನ ದಿನ ಸಂಜೆ ಪತ್ರ ಬಂತು. ನಾನು ಅದನ್ನು ಸ್ಟೇಷನ್ ಮುಂದಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಅದೇ ರಾತ್ರಿ ಬೆಂಗಳೂರಿನ ರೈಲು ಹತ್ತಿದೆ. ನೀವು ಪ್ಲಾಟ್‌ಫಾರಂ ಮೇಲೆ ನಿಂತಿದ್ದಿರಿ. ನಿಮ್ಮ ಚಪ್ಪಲಿಯ ಉಂಗುಟ ಕಿತ್ತಿತ್ತು. ಅದಕ್ಕೆ ಸೇಫ್ಟಿ ಪಿನ್ ಚುಚ್ಚಿಕೊಂಡಿದ್ದಿರಿ. ಅಪ್ಪ, ಅದನ್ನು ನಾನು ಇನ್ನೊಂದು ಸಲ ನೋಡಲಾರೆ.

ಅವ್ವನ ಬೋರಮಾಳ ಬಿಡಿಸಲು ನನಗೆ ಎರಡು ವರ್ಷ ಹಿಡಿಯಿತು.

ಈಗ ನಾನು ಮಾಡಬೇಕೆಂದಿರುವುದನ್ನು ಹೇಳುತ್ತೇನೆ. ಆ ಕಾಗದದ ಹೆಸರು ಫೆರ್‌ಫ್ಲಿಖ್ಟುಂಗ್ಸ್‌ಎರ್ಕ್ಲೇರುಂಗ್. ಹೊಣೆ ಹೊರುವ ಪತ್ರ ಅನ್ನಬಹುದು. ಇಲ್ಲಿಯ ವಿದೇಶಿಯರ ಕಚೇರಿಯಲ್ಲಿ ಅಧಿಕಾರಿಯ ಮುಂದೆಯೇ ಸಹಿ ಹಾಕಬೇಕು. ಶುಲ್ಕ 29 ಯೂರೊ. ನನ್ನ ಸಂಬಳದ ಚೀಟಿ, ಕೆಲಸದ ಕರಾರು, ಬಾಡಿಗೆ ಕರಾರು, ಪಾಸ್‌ಪೋರ್ಟ್ ಎಲ್ಲ ನೋಡುತ್ತಾರೆ. ನನ್ನ ಖರ್ಚು ಹೋಗಿ ತಮ್ಮನನ್ನು ಸಾಕುವಷ್ಟು ಉಳಿಯುತ್ತದೆಯೇ ಅಂತ ಲೆಕ್ಕ ಹಾಕುತ್ತಾರೆ. ಅವನು ಓದಲು ಬರುತ್ತಾನೆ ಅನ್ನುವುದೂ, ನನ್ನ ಆದಾಯ ದಾಖಲೆಗಳಿಂದ ಸಾಬೀತಾಗಿದೆ ಅನ್ನುವುದೂ ಪತ್ರದಲ್ಲಿ ಸ್ಪಷ್ಟವಾಗಿ ಇರಬೇಕು. ಅದನ್ನು ಅಲ್ಲೇ ನಿಂತು ಓದಿ ನೋಡಿಕೊಳ್ಳುತ್ತೇನೆ. ಈ ಪತ್ರ ಇದ್ದರೆ ಬೀಗದ ಖಾತೆ ಬೇಕಾಗಿಲ್ಲ. ಇಡೀ ವರ್ಷದ ದುಡ್ಡು ಒಂದೇ ಸಲಕ್ಕೆ ಎಲ್ಲಿಂದಲೂ ತರಬೇಕಾಗಿಲ್ಲ.

ಇದರಲ್ಲಿ ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ, ನಿಮ್ಮಿಂದ ಮುಚ್ಚಿಡುವುದೂ ಇಲ್ಲ. ಅವನು ಇಲ್ಲಿ ಸರಕಾರದ ಸಹಾಯದ ಮೇಲೆ ಬಿದ್ದರೆ, ಆ ದುಡ್ಡನ್ನು ನನ್ನಿಂದ ವಸೂಲು ಮಾಡಬಹುದು. ಈ ಹೊಣೆ ಐದು ವರ್ಷದ ತನಕ ಇರುತ್ತದೆ. ಅದಕ್ಕೇ ತಮ್ಮನ ಹತ್ತಿರ ಒಂದೇ ಮಾತು ತಗೊಂಡಿದ್ದೇನೆ. ಆರೋಗ್ಯ ವಿಮೆಯ ಕಂತು ಒಂದು ತಿಂಗಳೂ ತಪ್ಪಿಸಬಾರದು. ಅದು ತಿಂಗಳಿಗೆ 140 ಯೂರೊಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ವಿಮೆ ಇದ್ದರೆ ದೊಡ್ಡ ಆಸ್ಪತ್ರೆ ಖರ್ಚಿನ ಭಯ ಇಲ್ಲ.

ಖರ್ಚಿನ ಬಗ್ಗೆಯೂ ಚಿಂತೆ ಬೇಡ. ಅವನ ವಿಶ್ವವಿದ್ಯಾಲಯ ಸರಕಾರಿ, ಬೋಧನಾ ಶುಲ್ಕ ಇಲ್ಲ. ನಾನಿರುವ ರಾಜ್ಯದಲ್ಲಾದರೆ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಇದೆ. ಅದಕ್ಕೇ ಅವನನ್ನು ನನ್ನ ಹತ್ತಿರ ಕರೆಸಿಕೊಳ್ಳದೆ ಅಷ್ಟು ದೂರದ ಮಾಗ್ಡೆಬುರ್ಗ್‌ಗೆ ಹಾಕಿಸಿದ್ದು. ಅಲ್ಲಿ ಬಾಡಿಗೆಯೂ ಕಡಿಮೆ. ಓದುವ ಹುಡುಗರು ವರ್ಷಕ್ಕೆ 140 ದಿನ ಪೂರ್ತಿ, ಇಲ್ಲವೇ 280 ದಿನ ಅರ್ಧ ದಿನದಂತೆ ಕೆಲಸ ಮಾಡಬಹುದು. ಮೊದಲ ಆರು ತಿಂಗಳು ಕೆಲಸ ಹುಡುಕಬೇಡ, ಭಾಷೆ ಗಟ್ಟಿ ಮಾಡಿಕೋ, ಪರೀಕ್ಷೆ ಪಾಸಾಗು ಅಂದಿದ್ದೇನೆ. ಅಲ್ಲಿಯ ತನಕ ನಾನು ಕೊಡುತ್ತೇನೆ.

ಮಗಳ ದುಡ್ಡು ಮುಟ್ಟಬಾರದು ಅಂತ ನೀವು ಅವ್ವನ ಮುಂದೆ ಅಂದಿರಂತೆ. ಅವ್ವ, ನೀನೂ "ಅದು ನಿನ್ನ ಮದುವಿಗೆ ಇರಲಿ" ಅಂದೆ. ಇದಕ್ಕೆ ಏನು ಬರೆಯಬೇಕು ಅಂತ ಎರಡು ದಿನ ಯೋಚಿಸಿದೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಆಕೆಗೆ ಗಂಡು ನೋಡಿ ಅಂದವರಿಗೆ ನೀವು, "ಆಕಿ ನನಗ ಮಗ ಇದ್ದಂಗ, ಓದ್ತಾಳ" ಅಂದಿರಿ. ನಾನು ಒಳಗೆ ಅಡುಗೆ ಮನೆಯಲ್ಲಿ ನಿಂತು ಕೇಳಿಸಿಕೊಂಡಿದ್ದೆ. ಓದಿಸುವಾಗ ಮಗ ಅಂದಿರಿ. ಈಗ ಮನೆಗೆ ಕೊಡುವಾಗ ಮಗಳು ಅಂತ ದೂರ ಇಡಬೇಡಿ. ಮದುವೆ ಆಗಬೇಕಾದಾಗ ಆಗುತ್ತದೆ. ಅದಕ್ಕೂ ನನ್ನ ಹತ್ತಿರ ಬೇರೆ ಇದೆ.

ಬೇಕಾದರೆ ತಮ್ಮ ಕೆಲಸಕ್ಕೆ ಸೇರಿದ ಮೇಲೆ ನನಗೆ ತೀರಿಸಲಿ. ಬಡ್ಡಿ ಇಲ್ಲ, ಅವಸರ ಇಲ್ಲ.

ನಿಮ್ಮ ಕಡೆಯಿಂದ ಇಷ್ಟೇ ಬೇಕು. ವೀಸಾ ಶುಲ್ಕ 75 ಯೂರೊ, ಅದನ್ನು ರೂಪಾಯಿಯಲ್ಲಿ ಕಟ್ಟಬೇಕು. ಅವನ ಟಿಕೆಟ್ಟು, ಬೆಚ್ಚನೆಯ ಬಟ್ಟೆ. ನಾನು ಸಹಿ ಹಾಕಿದ ಪತ್ರದ ಮೂಲ ಪ್ರತಿ ಕೊರಿಯರ್‌ನಲ್ಲಿ ಬರುತ್ತದೆ. ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಮಡಚಬೇಡಿ. ಬೆಂಗಳೂರಿನಲ್ಲಿ ಮೂಲ ಪ್ರತಿಯನ್ನೇ ಕೇಳುತ್ತಾರೆ. ತಮ್ಮ ಈಗ ನಸುಕಿನ ವಂದೇ ಭಾರತ್‌ಗೆ ಹೋಗಬಹುದು. ಆದರೂ ಸಂದರ್ಶನದ ಹಿಂದಿನ ದಿನವೇ ಹೋಗಿ ಅಲ್ಲಿ ಉಳಿಯಲಿ.

ಕೈಯಲ್ಲಿರುವ ದುಡ್ಡನ್ನು ಬಿತ್ತನೆಗೆ ಇಟ್ಟುಕೊಳ್ಳಿ. ಮಿರಗ ಹತ್ತಿರ ಬಂತು. ರೈತ ಸಂಪರ್ಕ ಕೇಂದ್ರದಲ್ಲಿ ನೆಟೆ ರೋಗ ತಡೆಯುವ ತಳಿಯ ಬೀಜ ಬಂದಿದೆಯಾ ಅಂತ ಕೇಳಿ. ಬೀಜೋಪಚಾರ ಮಾಡದೆ ಬಿತ್ತಬೇಡಿ. ಆ ನಾಲ್ಕು ಎಕರೆಯಲ್ಲೇ ಮೊದಲು ಬಿತ್ತಿ.

ಅವ್ವ, ತಮ್ಮನ ಜೊತೆ ಶೇಂಗಾ ಹಿಂಡಿ ಕಳಿಸು. ಜೋಳದ ಹಿಟ್ಟು ಬೇಡ, ಭಾರ ಆಗುತ್ತದೆ. ಖಡಕ್ ರೊಟ್ಟಿ ಇಪ್ಪತ್ತು ಸಾಕು.

ಅಪ್ಪ, ನೀವು ಬೇಡ ಅಂದರೂ ಸಹಿ ಹಾಕಲು ಕಾನೂನಿನಲ್ಲಿ ನನಗೆ ಅಡ್ಡಿಯಿಲ್ಲ. ಆದರೆ ನಿಮ್ಮನ್ನು ಮೀರಿ ಹಾಕಲು ನನಗೆ ಮನಸ್ಸಿಲ್ಲ. ಜೂನ್ 4 ಬುಧವಾರ. ನನಗೆ ಕೊಟ್ಟ ಸಮಯ ಬೆಳಗ್ಗೆ 9 ಗಂಟೆ, ನಿಮಗೆ ಆಗ ಮಧ್ಯಾಹ್ನ ಹನ್ನೆರಡೂವರೆ. ಅದಕ್ಕೆ ಮುಂಚೆ ಯಾವತ್ತಾದರೂ ನೀವೇ ಫೋನ್ ಮಾಡಿ "ಆತು, ಹಾಕು" ಅನ್ನಿ. ಫೋನನ್ನು ಅವ್ವನ ಕೈಗೆ ಕೊಡಬೇಡಿ.

ನಿಮ್ಮ ಮಗಳು