ಮ್ಯಾಗ್ಡಾ ವಿಷಯಕ್ಕೆ ಯಾಕೆ ಅತ್ತೆ ಅಂತ ಕೇಳಿದ್ಯಲ್ಲ ಪುಟ್ಟಿ

ಪುಟ್ಟಿ,

ಭಾನುವಾರ ಫೋನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ಕುಕ್ಕರ್ ಕೂಗ್ತಿದೆ ಅಂತ ಇಟ್ಬಿಟ್ಟೆ. ಒಲೆ ಮೇಲೆ ಏನೂ ಇರ್ಲಿಲ್ಲ ಕಣೇ. ಟಿವಿಲಿ ಲೋಗೀಸ್, ಅದೇ ಆಸ್ಟ್ರೇಲಿಯಾದ ಟಿವಿ ಪ್ರಶಸ್ತಿ ಸಮಾರಂಭ, ಬರ್ತಿದ್ದ ರಾತ್ರಿ ಕಾಮಿಡಿ ನಟಿ ಮ್ಯಾಗ್ಡಾ ಶುಬಾನ್ಸ್ಕಿನ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ರು ಅಂದಾಗ ನಾನು ಅತ್ತಿದ್ದನ್ನ ಅಪ್ಪ ನಿಂಗೆ ಹೇಳಿದಾರೆ, ನೀನು ಅಷ್ಟೊಂದು ಅಳೋಕೆ ಅವಳೇನು ನಿಮ್ಮ ಅಕ್ಕನಾ ಅಂದೆ. ಒಂದು ಲೆಕ್ಕದಲ್ಲಿ ಹೌದು. ಅವಳಿಗೆ ಅರವತ್ತು ದಾಟಿದೆ, ಅವರು ಅನ್ನಬೇಕು, ಆದ್ರೆ ನನ್ನ ಬಾಯಿಗೆ ಅವಳು ಅಂತಾನೆ ಬರುತ್ತೆ.

ನಾನು ಮೆಲ್ಬರ್ನ್‌ಗೆ ಬಂದಿದ್ದು 2003ರ ಜುಲೈನಲ್ಲಿ, ಡ್ಯಾಂಡೆನಾಂಗ್‌ನಲ್ಲಿ ಎರಡು ರೂಮಿನ ಯೂನಿಟ್, ಆ ಚಳಿ, ಅಪ್ಪಂಗೆ ನೈಟ್ ಶಿಫ್ಟ್, ಊರಿಗೆ ಫೋನ್ ಮಾಡ್ಬೇಕು ಅಂದ್ರೆ ಕಾರ್ಡ್ ಉಜ್ಜಿ ನಂಬರ್ ಒತ್ತಿ ವಾರಕ್ಕೆ ಒಂದ್ಸಲ. ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ ಓದಿದವಳಿಗೆ ಅಂಗಡಿಯವರ ಇಂಗ್ಲಿಷ್ ಕಿವಿಗೆ ಬೀಳೋಷ್ಟರಲ್ಲಿ ಮುಗಿದೇ ಹೋಗಿರ್ತಿತ್ತು. ಆಗ ಎಬಿಸಿ ಚಾನೆಲಲ್ಲಿ 'ಕ್ಯಾತ್ ಅಂಡ್ ಕಿಮ್' ಅನ್ನೋ ಕಾಮಿಡಿ ಸೀರಿಯಲ್ ಬರ್ತಿತ್ತು, ಅಮ್ಮ ಕ್ಯಾತ್, ಮಗಳು ಕಿಮ್, ಕಿಮ್ ಗೆಳತಿ ಶರನ್ ಪಾರ್ಟ್ ಮ್ಯಾಗ್ಡಾದು. ಅರ್ಧ ಅರ್ಥ ಆಗ್ತಿರ್ಲಿಲ್ಲ, ಆದ್ರೆ ಶರನ್ ಬಂದ ತಕ್ಷಣ ಎಲ್ಲಾ ಅರ್ಥ ಆಗ್ತಿತ್ತು. ನೆಟ್‌ಬಾಲ್ ಡ್ರೆಸ್ಸು, ಮೈಮೇಲೆ ಎಲ್ಲಾದ್ರೂ ಒಂದು ಕಡೆ ಪಟ್ಟಿ, ಒಂದಲ್ಲ ಒಂದು ಕಾಯಿಲೆ, ಕಿಮ್ ಎಷ್ಟು ಬೈದ್ರೂ ಮತ್ತೆ ಬಾಗಿಲು ತಳ್ಕೊಂಡು ಒಳಗೆ ಬರೋದು, ನಮ್ಮೂರಲ್ಲಿ ಪಕ್ಕದ್ಮನೆ ಅಕ್ಕ ಹಿತ್ತಲ ಬಾಗಿಲಿಂದ ಬರ್ತಾರಲ್ಲ ಹಾಗೆ. ಎಲ್ರೂ ಅವಳನ್ನ ನೋಡಿ ನಗ್ತಾರೆ, ನಾನೂ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ, ಆದ್ರೆ ಅವಳಿಗೂ ಹೋಗೋಕೆ ಬೇರೆ ಮನೆ ಇಲ್ಲ ಅನ್ನೋದು ನಂಗೆ ಆಗ್ಲೇ ಗೊತ್ತಾಗಿತ್ತು. 2007ರಲ್ಲಿ ಶರನ್ ಮದುವೆ ಆಗೋ ಎಪಿಸೋಡ್ ಬಂತು, ಗಂಡು ಶೇನ್ ವಾರ್ನ್ ವೇಷ ಹಾಕೋ ವೇಯ್ನ್ ಅನ್ನೋನು, ಆ ಪಾರ್ಟ್ ಮಾಡಿದ್ದು ಸಾಕ್ಷಾತ್ ಶೇನ್ ವಾರ್ನೇ. ನಿಮ್ಮಪ್ಪ ಸೋಫಾದಿಂದ ಎದ್ದೇ ನಿಂತ್ಬಿಟ್ರು, ನೀನು ಎರಡು ವರ್ಷದ ಕೂಸು, ಅಪ್ಪ ಕೂಗಿದ್ದಕ್ಕೆ ಬೆದರಿ ಅತ್ತಿದ್ದೆ.

ನಿಂಗೆ ಅವಳ ಗುರುತು ಇರೋದು 'ಬೇಬ್' ಸಿನಿಮಾದ ಹಾಗೆಟ್ ಅಜ್ಜಿ ಅಂತ. ಆ ಹಂದಿಮರಿ ಡಿವಿಡಿನ ಸವೆಯೋ ತನಕ ಹಾಕ್ಸಿದ್ದೆ ನೀನು. ಆ ಸಿನಿಮಾ 1995ರಲ್ಲಿ ಬಂದಿದ್ದು, ಆಗ ಅವಳಿಗೆ ಮೂವತ್ತನಾಲ್ಕು, ಮೇಕಪ್ ಹಾಕ್ಕೊಂಡು ತನಗಿಂತ ಇಪ್ಪತ್ತೊಂದು ವರ್ಷ ದೊಡ್ಡವನಿಗೆ ಹೆಂಡ್ತಿ ಆಗಿದ್ಳು. ಏಳು ಆಸ್ಕರ್‌ಗೆ ನಾಮಿನೇಟ್ ಆಗಿತ್ತು ಅದು. ಅದಕ್ಕೂ ಮುಂಚೆ ಮೆಲ್ಬರ್ನ್ ಯೂನಿವರ್ಸಿಟಿಲಿ ಹುಡುಗರ ಜೊತೆ ಸೇರಿ ನಾಟಕ, ಆಮೇಲೆ ಟಿವಿಲಿ ಕಾಮಿಡಿ ಶೋಗಳು, 'ಡಿ-ಜೆನರೇಶನ್', 1989ರಿಂದ 'ಫಾಸ್ಟ್ ಫಾರ್ವರ್ಡ್', ಅದೆಲ್ಲ ನಾನು ಯೂಟ್ಯೂಬಲ್ಲಿ ಹಿಂದಿಂದ ನೋಡಿದ್ದು.

ಆದ್ರೆ ನನ್ನ ಹಿಡ್ಕೊಂಡಿದ್ದು ಅವಳ ಅಪ್ಪನ ಕಥೆ. ಮ್ಯಾಗ್ಡಾ ಹುಟ್ಟಿದ್ದು 1961ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಲ್ಲಿ, ಐದು ವರ್ಷದವಳಿದ್ದಾಗ ಇವರೆಲ್ಲ ಇಲ್ಲಿಗೆ ಬಂದ್ರು, ಅಮ್ಮ ಸ್ಕಾಟ್ಲೆಂಡಿನವಳು, ಅಪ್ಪ ಪೋಲೆಂಡಿನ ವಾರ್ಸಾದವನು. ಯುದ್ಧ ಶುರುವಾದಾಗ ಅವನಿಗೆ ಹದಿನೈದು. ಹತ್ತೊಂಬತ್ತಕ್ಕೆ ಪೋಲೆಂಡಿನ ಗುಪ್ತ ಸೈನ್ಯದಲ್ಲಿ ಅವನ ಕೆಲಸ ಏನು ಗೊತ್ತಾ, ಗೆಸ್ಟಾಪೊ ಅನ್ನೋ ನಾಜಿ ಗುಪ್ತ ಪೊಲೀಸರಿಗೆ ಸುದ್ದಿ ಕೊಡ್ತಿದ್ದ ತನ್ನೂರಿನ ದ್ರೋಹಿಗಳನ್ನೇ ಕೊಲ್ಲೋದು. ನಿನ್ನ ವಯಸ್ಸಿಗಿಂತ ಚಿಕ್ಕ ಹುಡುಗ ಕಣೇ. ಅವನ ಅಪ್ಪ ಅಮ್ಮ ಮನೇಲಿ ಯಹೂದಿಗಳನ್ನ ಬಚ್ಚಿಟ್ಟು ಕಾಪಾಡಿದವರು, ಮಗ ಪಿಸ್ತೂಲು ಹಿಡಿದವನು. 1944ರ ವಾರ್ಸಾ ದಂಗೆ, ಅರವತ್ಮೂರು ದಿನದ್ದು, ಅದ್ರಲ್ಲೂ ಹೋರಾಡಿ ಸೆರೆ ಸಿಕ್ಕಿ ಅಲ್ಲಿಂದ ತಪ್ಪಿಸ್ಕೊಂಡು ಬಂದೋನು. ಆಮೇಲೆ ಇಲ್ಲಿ ಬಂದು ಮೆಲ್ಬರ್ನ್ ಹೊರಗಡೆ ಎಲ್ಲರ ಥರ ಒಬ್ಬ ಅಪ್ಪ, ಮಗಳಿಗೆ ಟೆನಿಸ್ ಕಲಿಸ್ಕೊಂಡು. ಆ ಮನೇಲಿ ಬೆಳೆದ ಹುಡುಗಿ ಇಡೀ ದೇಶನ ನಗಿಸಿದ್ಳು. ಅಪ್ಪನ ಮನಸ್ಸಲ್ಲಿ ಏನಿತ್ತು ಅಂತ ವರ್ಷಗಟ್ಲೆ ಕೇಳಿ ಕೆದಕಿ ಜೋಡಿಸ್ಕೊಂಡು ಐವತ್ನಾಲ್ಕನೇ ವಯಸ್ಸಲ್ಲಿ ಪುಸ್ತಕ ಬರೆದ್ಳು, ಅದರ ಹೆಸರು 'ರೆಕನಿಂಗ್'. ಲೈಬ್ರರಿಯಿಂದ ತಂದು ಡಿಕ್ಷನರಿ ಪಕ್ಕದಲ್ಲಿಟ್ಕೊಂಡು ಎರಡು ತಿಂಗಳು ಓದಿದೀನಿ, ಲೇಟ್ ಫೀಸೂ ಕಟ್ಟಿದೀನಿ. ಶರನ್‌ಗೆ ಇಟ್ಟಿದ್ದ ಸ್ಟ್ರೆಲೆಕಿ ಅನ್ನೋ ಪೋಲಿಷ್ ಸರ್‌ನೇಮ್ ಸುಮ್ನೆ ಇಟ್ಟಿದ್ದಲ್ಲ ಅಂತ ಆಗ ನಂಗೆ ಅನ್ಸಿದ್ದು, ಅಪ್ಪನ ಊರನ್ನ ಶರನ್ ಬೆನ್ನಿಗೆ ಕಟ್ಟಿ ಕಳಿಸಿದಾಳೆ ಅಂತ.

ಇನ್ನೊಂದು ವಿಷಯಕ್ಕೆ ನಾನು ನಿನ್ನ ಹತ್ರ ಕ್ಷಮೆ ಕೇಳ್ಬೇಕು. ಮ್ಯಾಗ್ಡಾ ಒಂದು ತೂಕ ಇಳಿಸೋ ಕಂಪನಿ ಜಾಹೀರಾತಲ್ಲಿ ಬರ್ತಿದ್ಳು, ಮೂವತ್ತು ಕೆಜಿ ಮೇಲೆ ಇಳಿಸಿದ್ಳು, ಮತ್ತೆ ಬಂತು, ಪೇಪರ್‌ನೋರು ಎರಡೂ ಸಲ ಬರೆದ್ರು. ನಿಂಗೆ ಹನ್ನೊಂದು ವರ್ಷ ಇದ್ದಾಗ ನಾನು ಹೋದ ಕಡೆಯೆಲ್ಲ ಇವಳು ಸ್ವಲ್ಪ ದಪ್ಪ ಆಗಿಬಿಟ್ಟಿದಾಳೆ ಅಂತ ನಾನೇ ಮೊದ್ಲು ಹೇಳ್ಬಿಡ್ತಿದ್ದೆ, ಬೇರೆಯವರು ಅನ್ನೋಕೆ ಮುಂಚೆ. ಯುಗಾದಿಗೆ ಎಲ್ರ ಎಲೇಲಿ ಹೋಳಿಗೆ ಇದ್ದು ನಿನ್ನ ಎಲೇಲಿ ಅರ್ಧ ಇತ್ತು. ನೀನು ಏನೂ ಅನ್ಲಿಲ್ಲ, ಕೈ ತೊಳ್ಕೊಂಡು ರೂಮಿಗೆ ಹೋದೆ. ಆ ಅರ್ಧ ಹೋಳಿಗೆ ನನ್ನ ಕಣ್ಣ ಮುಂದೆ ಇವತ್ತಿಗೂ ಇದೆ. ತಪ್ಪು ಮಾಡ್ದೆ ಪುಟ್ಟಿ.

2012ರ ಫೆಬ್ರವರಿ 14ಕ್ಕೆ ಅವಳು ಟಿವಿಲಿ ತಾನು ಗೇ ಅಂತ ಹೇಳಿದಾಗ ಅವಳಿಗೆ ಐವತ್ತು ಆಗಿತ್ತು. ಐವತ್ತು ವರ್ಷ ಅಷ್ಟು ನಗಿಸ್ಕೊಂಡು ಇಷ್ಟು ದೊಡ್ಡದನ್ನ ಊರಿಗೆ ಹೇಳ್ದೆ ಇದ್ಳಲ್ಲ ಅಂತ ನಾನು ಯೋಚನೆ ಮಾಡ್ತಾನೆ ಇದ್ದೆ. ಐದು ವರ್ಷ ಆದ್ಮೇಲೆ ಗಂಡು ಗಂಡು, ಹೆಣ್ಣು ಹೆಣ್ಣು ಮದುವೆ ಆಗ್ಬಹುದಾ ಅಂತ ಸರ್ಕಾರ ಕೇಳಿದ ಸರ್ವೆ ಲಕೋಟೆ ಮನೆಗೆ ಬಂತಲ್ಲ, ನಮ್ಮ ಗೆಳೆಯರ ಬಳಗದಲ್ಲಿ ಅದರ ಬಗ್ಗೆ ಯಾರೂ ಜೋರಾಗಿ ಮಾತಾಡ್ತಿರ್ಲಿಲ್ಲ, ನಾನು ಕೂಡ ಲಕೋಟೆನ ಎರಡು ವಾರ ಫ್ರಿಜ್ ಮೇಲೆ ಇಟ್ಟಿದ್ದೆ. ಅವಳು ಆ ತಿಂಗಳುಗಳೆಲ್ಲ ಊರೂರು ಸುತ್ತಿ, ಎಬಿಸಿ ಚರ್ಚೇಲಿ ಆರ್ಚ್‌ಬಿಷಪ್ ಜೊತೆ ಕೂತು ಮಾತಾಡಿದ್ಳು, ಸಿಟ್ಟು ಬಂದು ಕಣ್ಣಲ್ಲಿ ನೀರು ತುಂಬಿದ್ರೂ ಒಂದು ಮಾತು ಕೆಟ್ಟದಾಗಿ ಆಡ್ಲಿಲ್ಲ. ಅಷ್ಟರಲ್ಲಿ ನಾನು ಯೆಸ್ ಅಂತ ಟಿಕ್ ಮಾಡಿ ನೀನೂ ನಾನೂ ನಡ್ಕೊಂಡು ಹೋಗಿ ಡಬ್ಬಕ್ಕೆ ಹಾಕಿ ಬಂದಿದ್ವಿ, ನೆನಪಿದ್ಯಾ? ಒಂದು ಕೋಟಿ ಇಪ್ಪತ್ತೇಳು ಲಕ್ಷ ಜನ ಕಳಿಸಿದ್ರು, ನೂರಕ್ಕೆ 61.6 ಯೆಸ್. ಅದ್ರಲ್ಲಿ ನನ್ನದೂ ಒಂದು.

ಈಗ ಅಳು ಬಂದಿದ್ದಕ್ಕೆ ಕಾರಣ. 2025ರ ಮೇ ತಿಂಗಳಲ್ಲಿ ಅವಳು ತಲೆ ಬೋಳಿಸ್ಕೊಂಡು ವಿಡಿಯೋ ಹಾಕಿದ್ಳಲ್ಲ, ಮ್ಯಾಂಟಲ್ ಸೆಲ್ ಲಿಂಫೋಮಾ, ಸ್ಟೇಜ್ 4, ರಕ್ತದ ಕ್ಯಾನ್ಸರ್. ಸಿಕ್ಕಿದ್ದು ಬೇರೆ ಏನಕ್ಕೋ ಹೋಗಿ, ಬ್ರೆಸ್ಟ್ ಸ್ಕ್ರೀನ್‌ಗೆ, ಅದೇ ಸ್ತನದ ಕ್ಯಾನ್ಸರ್ ಟೆಸ್ಟ್‌ಗೆ ಹೋದಾಗ ಗ್ರಂಥಿಗಳು ಊದಿರೋದು ಕಾಣಿಸಿ. ನಿಮ್ಮ ಮೈ ಹೇಳೋದನ್ನ ಕೇಳಿ, ಟೆಸ್ಟ್ ಮಾಡಿಸ್ಕೊಳ್ಳಿ ಅಂದ್ಳು. ನಂಗೆ ಎದೆ ಧಸಕ್ಕಂತು. ಐವತ್ತಾದ ಮೇಲೆ ನಂಗೂ ಆ ಬ್ರೆಸ್ಟ್ ಸ್ಕ್ರೀನ್ ಕಾಗದ ಬಂದಿತ್ತು, ಫ್ರೀ, ಅಕ್ಕಿ ಡಬ್ಬದ ಹಿಂದೆ ತುರುಕಿಟ್ಟಿದ್ದೆ.

ಯಾಕೆ ಅಂದ್ರೆ, ಪುಟ್ಟಿ, ನಿನ್ನ ಅಜ್ಜಿ ಅರಸೀಕೆರೆಲಿ ಹೊಟ್ಟೆ ಹುಣ್ಣಾಗಿ ಹೋದ್ರು ಅಂತ ನಿಂಗೆ ಹೇಳಿದೀನಲ್ಲ, ಅದು ಸುಳ್ಳು. ಸ್ತನದ ಕ್ಯಾನ್ಸರ್. 1998. ಅಮ್ಮಂಗೆ ನಲವತ್ತೊಂಬತ್ತು. ಒಂದು ದಿನ ಬೆಳಿಗ್ಗೆ ಕಾಫಿ ಕೊಡೋಕೆ ಹೋದಾಗ ರವಿಕೆ ಮೇಲೆ ಕಲೆ ನೋಡ್ದೆ, ಅಮ್ಮ ನನ್ನ ಕೈನ ಅವರ ತಲೆ ಮೇಲೆ ಇಡಿಸ್ಕೊಂಡು ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡ್ರು. ಚಿಕ್ಕಮ್ಮನ ಸಂಬಂಧ ನಡೀತಿತ್ತು, ಈ ಮನೇಲಿ ಈ ಕಾಯಿಲೆ ಇದೆ ಅಂದ್ರೆ ಯಾರು ತರ್ತಾರೆ ಅಂತ ಭಯ. ನಾನು ಎಂಟು ತಿಂಗಳು ಬಾಯಿ ಬಿಡ್ಲಿಲ್ಲ. ಬೆಂಗಳೂರಿಗೆ ಕರ್ಕೊಂಡು ಹೋಗೋ ಹೊತ್ತಿಗೆ ಡಾಕ್ಟರು ಜಾಸ್ತಿ ಏನೂ ಮಾತಾಡ್ಲಿಲ್ಲ. ನಿಮ್ಮಪ್ಪಂಗೂ ಇದು ಗೊತ್ತಿರ್ಲಿಲ್ಲ, ಹೋದ ತಿಂಗಳು ಹೇಳಿದೀನಿ.

ಮ್ಯಾಗ್ಡಾ ಖಾಯಿಲೆ ಅಂತ ಗೊತ್ತಾದ್ಮೇಲೆ ಮುಚ್ಚಿಡದೆ ಎಲ್ರ ಮುಂದೆ ಹೆಸರು ಹಿಡಿದು ಹೇಳಿದ್ಳಲ್ಲ, ನಮ್ಮಮ್ಮಂಗೆ ಹಾಗೆ ಹೇಳೋಕೆ ಒಬ್ರೂ ಇರ್ಲಿಲ್ವಲ್ಲ ಅಂತ, ಅದಕ್ಕೆ ಅತ್ತಿದ್ದು ಕಣೇ.

ಜೂನ್‌ನಲ್ಲಿ ನಾನು ಹೋಗಿ ಮಾಡಿಸ್ಕೊಂಡು ಬಂದೆ. ಫಾರ್ಮ್‌ನಲ್ಲಿ ಮನೇಲಿ ಯಾರಿಗಾದ್ರೂ ಇತ್ತಾ ಅಂತ ಕೇಳಿದ್ರು, ಮದರ್ ಅಂತ ಬರೆಯೋಕೆ ಕೈ ನಡುಗಿತು, ಆದ್ರೂ ಬರೆದೆ. ರಿಪೋರ್ಟ್ ಬಂತು, ನಂಗೆ ಏನೂ ಇಲ್ಲ. ನೀನು ಹೊಬಾರ್ಟಲ್ಲಿ ನಿನ್ನ ಜಿಪಿ ಡಾಕ್ಟರ್ ಹತ್ರ ಹೋದಾಗ ಅಜ್ಜಿಗೆ ನಲವತ್ತೊಂಬತ್ತಕ್ಕೆ ಸ್ತನದ ಕ್ಯಾನ್ಸರ್ ಇತ್ತು ಅಂತ ಹೇಳು, ಎಷ್ಟನೇ ವಯಸ್ಸಿಂದ ಟೆಸ್ಟ್ ಮಾಡಿಸ್ಬೇಕು ಅಂತ ಅವರೇ ಹೇಳ್ತಾರೆ. ಇನ್ನು ಏನೇನು ಕೇಳ್ಬೇಕು ಅನ್ಸುತ್ತೋ ಎಲ್ಲಾ ಬರೆದಿಟ್ಕೋ, ರಜೆಗೆ ಬಂದಾಗ ಕೇಳು, ಫೋನ್ ಇಡಲ್ಲ, ಎದ್ದು ಹೋಗಲ್ಲ. ಅಜ್ಜಿ ಫೋಟೋ ಟ್ರಂಕಿಂದ ತೆಗೆದು ಹಾಲ್‌ನಲ್ಲಿ ಹಾಕಿದೀನಿ, ನೀಲಿ ಸೀರೇಲಿ ಇರೋದು, ನಿನ್ನದೇ ಗಲ್ಲ.

ನಿನ್ನ
ಅಮ್ಮ